ತಿಲಿಸ್ಮಿನ ಬೀಗ, ಓದಿನ ಬೀಗದಕೈ

(‘ಚಂದ್ರಕಾಂತಾ’ ಕಾದಂಬರಿ ಮತ್ತು ಧಾರಾವಾಹಿ: ಒಂದು ಹೋಲಿಕೆ. ಪಾವಗಡ ತಾಲ್ಲೂಕು ಕ್ಯಾತಗಾನಚೆರ್ಲುವಿನಲ್ಲಿ ಸಂಘದ ವಾರ್ಷಿಕ ಸಭೆಯಂದು ಮಾಡಿದ ಭಾಷಣದ ಬರಹರೂಪ)



ವಾರ್ಷಿಕ ಸಭೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಆ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಕೇಳಿ ಕೇಳಿ ನಿಮಗೂ ಬೇಸರ, ಹೇಳಿ ಹೇಳಿ ನಮಗೂ ಬೇಸರ. ಆದ್ದರಿಂದ ಇವತ್ತು ಒಂದು ಟಿ.ವಿ. ಧಾರಾವಾಹಿಯ ಬಗ್ಗೆ ಮಾತನಾಡುತ್ತೇನೆ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗರು ಈಗಲೇ ನಗುತ್ತಿದ್ದಾರೆ. ನಗಲಿ. ಧಾರಾವಾಹಿಯಿಂದ ಆರಂಭಿಸಿದರೂ ನಾನು ಮುಟ್ಟಬೇಕಾದ ಊರು ಬೇರೆ ಇದೆ.

ಈ ವಿಷಯ ಆರಿಸಿಕೊಳ್ಳಲು ಒಬ್ಬ ವಿದ್ಯಾರ್ಥಿ ಕಾರಣ. ಓದುವ ಅಭ್ಯಾಸ ಬೆಳೆಸಿಕೊಳ್ಳಿ ಎಂದು ನಾನು ಹೇಳಿದಾಗ ಆತ ಎದ್ದು ನಿಂತು, “ಸರ್, ಕತೆ ತಿಳಿದರೆ ಸಾಕಲ್ಲವೇ? ಐನೂರು ಪುಟ ಓದುವುದಕ್ಕಿಂತ ಸೀರಿಯಲ್ ನೋಡಿದರೆ ಆಗದೇ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಏನೋ ಒಂದು ಉತ್ತರ ಹೇಳಿದೆ. ಆ ಉತ್ತರ ಸರಿಯಾಗಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡಲು ಪ್ರಯತ್ನಿಸುತ್ತೇನೆ.

ಕಾದಂಬರಿಯನ್ನು ಧಾರಾವಾಹಿ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಎಂಬ ಊರು ಯಾವ ನಕಾಶೆಯಲ್ಲೂ ಇಲ್ಲ. ಆದರೆ 1986-87ರಲ್ಲಿ ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಕಟ್ಟಿ ತೋರಿಸಿದರು. ಇಂದಿಗೂ ಆಗುಂಬೆಗೆ ಹೋದವರು ಸ್ವಾಮಿಯ ಮನೆ ಯಾವುದು ಎಂದು ಕೇಳುತ್ತಾರೆ. ಭಗವಾನ್ ಗಿದ್ವಾನಿ ಅವರು 1976ರಲ್ಲಿ ಬರೆದ ಇಂಗ್ಲಿಷ್ ಕಾದಂಬರಿ ಟಿಪ್ಪು ಸುಲ್ತಾನರ ಧಾರಾವಾಹಿಯಾಗಿ 1990ರಲ್ಲಿ ದೂರದರ್ಶನದಲ್ಲಿ ಬಂದಿತು. ಅದರ ಚಿತ್ರೀಕರಣದ ಕಾಲದಲ್ಲಿ, 1989ರ ಫೆಬ್ರವರಿ 8ರಂದು, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಜನ ಪ್ರಾಣ ಕಳೆದುಕೊಂಡರು. ವಿವಾದ ನ್ಯಾಯಾಲಯ ಮುಟ್ಟಿ, ಇದು ಕಾದಂಬರಿಯನ್ನು ಆಧರಿಸಿದ ಕಲ್ಪನೆ ಎಂಬ ಪ್ರಕಟಣೆಯೊಂದಿಗೆ ಆ ಧಾರಾವಾಹಿ ಪ್ರಸಾರವಾಯಿತು. ಆ ಪ್ರಕಟಣೆಯನ್ನು ನಮ್ಮಲ್ಲಿ ಎಷ್ಟು ಜನ ಓದಿದರು? ಬಹಳ ಮಂದಿ ನೋಡಿದ್ದನ್ನೆಲ್ಲ ಚರಿತ್ರೆ ಎಂದುಕೊಂಡರು. ತೆರೆಯ ಮೇಲೆ ಅಕ್ಷರವಿತ್ತು, ಕಣ್ಣು ಚಿತ್ರದ ಮೇಲಿತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಆದರೆ ಮಾಯಾಲೋಕದ ಕತೆ ಎಂದರೆ ನನ್ನ ವಯಸ್ಸಿನವರಿಗೆ ಮೊದಲು ನೆನಪಾಗುವುದು ‘ಚಂದ್ರಕಾಂತಾ’. 1994ರ ಮಾರ್ಚ್‌ನಲ್ಲಿ ದೂರದರ್ಶನದಲ್ಲಿ ಆರಂಭವಾಗಿ 1996ರವರೆಗೆ ಬಂದಿತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ನೀರಜಾ ಗುಲೇರಿ ಅದರ ನಿರ್ಮಾಪಕಿ. ಆಗ ನಮ್ಮ ಬೀದಿಯಲ್ಲಿ ಇದ್ದದ್ದು ಎರಡೇ ಟಿ.ವಿ. ಒಂದು ಕಪ್ಪು ಬಿಳುಪು, ಇನ್ನೊಂದು ಸದಾ ಕೆಟ್ಟಿರುತ್ತಿತ್ತು. ಭಾನುವಾರ ಬಂತೆಂದರೆ ಆ ಒಂದು ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗಂಡಸರು ಬಾಗಿಲ ಬಳಿ, ಹೆಂಗಸರು ಒಳಗೆ, ಮಕ್ಕಳು ಟಿ.ವಿ.ಗೆ ಮೂಗು ತಾಗಿಸಿಕೊಂಡು. ನಡುವೆ ಕರೆಂಟು ಹೋದರೆ ಸಾವಿನ ಮನೆಯಲ್ಲಿ ಏಳುವಂಥ ಉದ್ಗಾರ. ಒಬ್ಬ ಹುಡುಗ ಸದಾ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ, “ಬಂತಾ? ಬಂತಾ?” ಎಂದು ಕೂಗುತ್ತಿದ್ದ. ಎಷ್ಟೋ ಕಂತುಗಳನ್ನು ಅವನು ಆಂಟೆನಾ ಹಿಡಿದುಕೊಂಡೇ ಕಳೆದ, ಪಾಪ.

ಆ ಗುಂಪಿನಲ್ಲಿ ಹಿಂದಿ ಪೂರ್ತಿ ಅರ್ಥವಾಗುತ್ತಿದ್ದವರು ಕೆಲವರೇ. ನಮ್ಮ ಕಡೆಯ ಸ್ಥಿತಿ ನಿಮಗೆ ಗೊತ್ತಿದೆ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ದಖ್ಖನಿ ಮಾತನಾಡುವ ಮನೆಯವರು ಅರ್ಥ ಹೇಳುವವರಾದರು. “ಅಯ್ಯಾರ್ ಅಂದರೆ ಏನು? ತಿಲಿಸ್ಮ್ ಅಂದರೆ ಏನು?” ಎಂದು ಅಕ್ಕಪಕ್ಕದ ರೈತರ ಮನೆಯವರು ಕೇಳಿದರೆ ನಮ್ಮ ದಾದಿ ಹೇಳುತ್ತಿದ್ದರು. ಅವರಿಗೆ ಹೇಗೆ ಗೊತ್ತಿತ್ತು ಎಂಬ ಪ್ರಶ್ನೆ ಆಗ ನನಗೆ ಬರಲೇ ಇಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಧಾರಾವಾಹಿ ನೋಡಿದ ಎಷ್ಟೋ ವರ್ಷಗಳ ನಂತರ ಬೆಂಗಳೂರು ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ‘ಚಂದ್ರಕಾಂತಾ’ ಹಿಂದಿ ಕಾದಂಬರಿ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ಮೂರನೇ ಭಾಷೆಯಾಗಿ ಕಲಿತ ಹಿಂದಿ ನನ್ನದು. ನಿಧಾನವಾಗಿ ಓದಿದೆ. ಓದುತ್ತ ಹೋದಂತೆ ಆಶ್ಚರ್ಯವಾಯಿತು. ನಾನು ನೋಡಿದ್ದೇ ಬೇರೆ, ಇಲ್ಲಿರುವುದೇ ಬೇರೆ.

ಮೊದಲು ಪುಸ್ತಕದ ವಿಷಯ. ಬರೆದವರು ದೇವಕೀನಂದನ ಖತ್ರಿ. 1861ರಲ್ಲಿ ಹುಟ್ಟಿದವರು, 1913ರಲ್ಲಿ ತೀರಿಕೊಂಡರು. ಕಾಶಿಯ ಮಹಾರಾಜರ ಚಕಿಯಾ, ನೌಗಢ ಕಾಡುಗಳ ಗುತ್ತಿಗೆ ಹಿಡಿದು ಅಲ್ಲಿಯೇ ಓಡಾಡುತ್ತಿದ್ದರು. ಆ ಕಾಡುಗಳಲ್ಲಿ ಪಾಳುಬಿದ್ದ ಕೋಟೆಗಳು, ಗವಿಗಳು, ಮಂಟಪಗಳು. ಗುತ್ತಿಗೆ ಹೋಯಿತು, ಆದರೆ ನೋಡಿದ್ದು ತಲೆಯಲ್ಲಿ ಉಳಿಯಿತು. ‘ಚಂದ್ರಕಾಂತಾ’ 1888ರಲ್ಲಿ ಬಂದಿತು. ನಾಲ್ಕು ಭಾಗ. ಜನ ಎಷ್ಟು ಹಚ್ಚಿಕೊಂಡರೆಂದರೆ ಆಮೇಲೆ ‘ಚಂದ್ರಕಾಂತಾ ಸಂತತಿ’ 24 ಭಾಗಗಳಲ್ಲಿ ಬಂದಿತು. ಖತ್ರಿಯವರು 1898ರಲ್ಲಿ ಬನಾರಸಿನಲ್ಲಿ ಲಹರಿ ಪ್ರೆಸ್ ಎಂಬ ಸ್ವಂತ ಮುದ್ರಣಾಲಯವನ್ನೇ ತೆರೆದರು. ‘ಭೂತನಾಥ’ ಎಂಬ ಮುಂದಿನ ಕಾದಂಬರಿಯನ್ನು ಪೂರೈಸುವ ಮೊದಲೇ ಅವರು ತೀರಿಕೊಂಡದ್ದರಿಂದ ಮಗ ದುರ್ಗಾಪ್ರಸಾದ ಖತ್ರಿ ಅದನ್ನು ಮುಗಿಸಿದರು.

ಈ ಕಾದಂಬರಿಯ ಬಗ್ಗೆ ಹಿಂದಿಯ ದೊಡ್ಡ ವಿಮರ್ಶಕ ರಾಮಚಂದ್ರ ಶುಕ್ಲರು ಎರಡು ಮಾತು ಹೇಳಿದ್ದಾರೆ. ಒಂದು, ಇದು ಘಟನೆಗಳ ಕುತೂಹಲಕ್ಕಾಗಿ ಬರೆದದ್ದು, ಉತ್ತಮ ಸಾಹಿತ್ಯದ ಸಾಲಿಗೆ ಸೇರುವುದಿಲ್ಲ. ಎರಡು, ಇದನ್ನು ಓದುವುದಕ್ಕಾಗಿಯೇ ಉರ್ದು ಬಲ್ಲ ಎಷ್ಟೋ ಜನ ಹಿಂದಿ ಕಲಿತರು. ಮೊದಲನೆಯ ಮಾತನ್ನು ವಿದ್ವಾಂಸರಿಗೆ ಬಿಡೋಣ. ಎರಡನೆಯದು ನಮಗೆ ಮುಖ್ಯ. ಕತೆಯೊಂದರ ಆಸೆಗೆ ಜನ ಹೊಸ ಲಿಪಿಯನ್ನು ಕಲಿತರು. ಸರ್ಕಾರದ ಆದೇಶವಿಲ್ಲ, ಪರೀಕ್ಷೆಯಿಲ್ಲ, ಅಂಕವಿಲ್ಲ. ಮುಂದೇನಾಯಿತು ಎಂದು ತಿಳಿಯಬೇಕು, ಅಷ್ಟೇ.

ಈಗ ಹೋಲಿಕೆಗೆ ಬರೋಣ. ಕತೆಯ ಹಂದರ ಎರಡರಲ್ಲೂ ಒಂದೇ. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ. ವಿಜಯಗಢದ ಮಂತ್ರಿಯ ಮಗ ಕ್ರೂರಸಿಂಹನಿಗೂ ಅವಳ ಮೇಲೆ ಕಣ್ಣು. ಅವನು ಚುನಾರಗಢದ ರಾಜ ಶಿವದತ್ತನನ್ನು ಎತ್ತಿಕಟ್ಟುತ್ತಾನೆ. ಈ ಮೂರೂ ಹೆಸರು ಕಲ್ಪನೆಯ ಊರುಗಳದ್ದಲ್ಲ. ಇಂದಿನ ಉತ್ತರ ಪ್ರದೇಶದಲ್ಲಿ ಚುನಾರ್, ವಿಜಯಗಢ, ನೌಗಢ ಈಗಲೂ ಇವೆ. ನಮ್ಮ ಮಧುಗಿರಿ, ಮಿಡಿಗೇಶಿ, ನಿಡಗಲ್ಲು, ಪಾವಗಡದ ಕೋಟೆಗಳಿಗೂ ಒಂದೊಂದು ಕತೆಯನ್ನು ಅಜ್ಜಿಯರು ಹೇಳುವುದಿಲ್ಲವೇ? ಅದೇ ರೀತಿ. ನಮ್ಮ ಕೋಟೆಗಳಿಗೆ ಒಬ್ಬ ಖತ್ರಿ ಸಿಕ್ಕಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲನೆಯ ಮುಖ್ಯ ವ್ಯತ್ಯಾಸ ತಿಲಿಸ್ಮ್‌ನದು. ತಿಲಿಸ್ಮ್ ಎಂದರೆ ಬಚ್ಚಿಟ್ಟ ನಿಧಿಯ ಸುತ್ತ ಕಟ್ಟಿದ ಮಾಯಾಕೋಟೆ ಎನ್ನಬಹುದು. ಒಳಗೆ ಹೋದವನು ಹೊರಗೆ ಬರಲಾರ. ಕಾದಂಬರಿಯಲ್ಲಿ ಒಂದು ಕಲ್ಲಿನ ಕೊಕ್ಕರೆ ಬರುತ್ತದೆ. ಪಾಳು ಕಟ್ಟಡದಲ್ಲಿ ನಿಂತಿರುವ ಆ ಕೊಕ್ಕರೆ ಬಾಯಿ ತೆರೆದು ಚಂದ್ರಕಾಂತಾಳನ್ನೂ ಅವಳ ಗೆಳತಿ ಚಪಲಾಳನ್ನೂ ನುಂಗಿಬಿಡುತ್ತದೆ. ಓದುವವನ ಎದೆ ಧಸಕ್ಕೆನ್ನುತ್ತದೆ. ಆದರೆ ಕೊನೆಗೆ ಬಂದಾಗ ಖತ್ರಿಯವರು ಕುಳಿತು ಲೆಕ್ಕ ಒಪ್ಪಿಸುತ್ತಾರೆ. ಇಲ್ಲಿ ಕೀಲಿತ್ತು, ಇಲ್ಲಿ ಗುಪ್ತದಾರಿಯಿತ್ತು, ಇಲ್ಲಿ ಮೂರ್ಛೆ ಬರಿಸುವ ಮದ್ದು ಇತ್ತು ಎಂದು ಬಿಡಿಸಿ ಹೇಳುತ್ತಾರೆ. ಭೂತವಿಲ್ಲ, ಮಂತ್ರವಿಲ್ಲ. ಹಿಂದಿನ ಕಾಲದ ಕುಶಲ ಕೆಲಸಗಾರರು ಕಟ್ಟಿದ್ದು ಇದು, ಅಷ್ಟೇ. ಆ ವಿವರಣೆಗಳೆಲ್ಲ ಇಂದಿನ ಎಂಜಿನಿಯರ್ ಒಪ್ಪುವಂಥವಲ್ಲ ಎನ್ನೋಣ. ಆದರೂ “ಇದಕ್ಕೊಂದು ಕಾರಣವಿದೆ” ಎಂಬ ಹಟವನ್ನು ಲೇಖಕರು ಬಿಡುವುದಿಲ್ಲ. ರೈಲು, ತಂತಿ ಸಮಾಚಾರ ಬಂದು ಜನ ಬೆರಗಾಗಿದ್ದ ಕಾಲದಲ್ಲಿ ಬರೆದ ಪುಸ್ತಕ ಇದು ಎಂಬುದನ್ನು ಮರೆಯಬಾರದು.

ಧಾರಾವಾಹಿಯಲ್ಲಿ ಈ ಹಟ ಇಲ್ಲ. ಅಲ್ಲಿ ಮಾಯೆ ಮಾಯೆಯೇ. ಮಂತ್ರಶಕ್ತಿ ಇದ್ದವರು ಬರುತ್ತಾರೆ, ಪುಸ್ತಕದಲ್ಲಿಲ್ಲದ ಪಾತ್ರಗಳು ಬರುತ್ತವೆ, ಹೊಗೆ ಏಳುತ್ತದೆ, ಮಿಂಚು ಹೊಡೆಯುತ್ತದೆ, ಕಂತು ಮುಗಿಯುತ್ತದೆ. ಮುಂದಿನ ವಾರ ಕಾರಣ ಹೇಳುವ ಅಗತ್ಯವಿಲ್ಲ, ಇನ್ನೊಂದು ಹೊಗೆ ಎದ್ದರೆ ಸಾಕು. 2017ರಲ್ಲಿ ಇದೇ ಕತೆ ಮತ್ತೆ ಎರಡು ಖಾಸಗಿ ವಾಹಿನಿಗಳಲ್ಲಿ ಒಟ್ಟೊಟ್ಟಿಗೆ ಬಂದಿತು. ಅದರಲ್ಲೊಂದರಲ್ಲಿ ಇರಾವತಿ ಎಂಬ ಮಾಟಗಾತಿಯೇ ಮುಖ್ಯ ಪಾತ್ರವಾಗಿ ಕುಳಿತಿದ್ದಳು. ಗಣಕಯಂತ್ರದ ಚಿತ್ರಗಳು ಹೆಚ್ಚಾದವು, ಕಾರಣಗಳು ಕಡಿಮೆಯಾದವು. 1888ರ ಪುಸ್ತಕ 2017ರ ಧಾರಾವಾಹಿಗಿಂತ ಹೆಚ್ಚು ಆಧುನಿಕವಾಗಿದೆ ಎಂದರೆ ನೀವು ನಂಬುತ್ತೀರಾ? ಓದಿದರೆ ನಂಬುತ್ತೀರಿ.

ಎರಡನೆಯದು ಅಯ್ಯಾರರ ವಿಷಯ. ಅಯ್ಯಾರ್ ಎಂದರೆ ಗೂಢಚಾರ, ವೇಷಗಾರ, ವೈದ್ಯ, ಓಟಗಾರ, ಸಂಗೀತಗಾರ ಎಲ್ಲವೂ ಆದ ಮನುಷ್ಯ. ಖತ್ರಿಯವರು ಮುನ್ನುಡಿಯಲ್ಲಿಯೇ ಅವನ ವಿದ್ಯೆಗಳ ಪಟ್ಟಿ ಕೊಡುತ್ತಾರೆ. ಇಬ್ಬರು ರಾಜರಿಗೆ ಜಗಳವಾದರೆ ಸೈನ್ಯವನ್ನು ಕೊಲ್ಲಿಸದೆ ಚಾತುರ್ಯದಿಂದಲೇ ಕೆಲಸ ಮುಗಿಸುವುದು ಅಯ್ಯಾರನ ಹೆಮ್ಮೆ. ಅವನನ್ನು ಹಿಡಿದವರು ಕೊಲ್ಲುವುದಿಲ್ಲ, ಬಂಧಿಸಿಡುತ್ತಾರೆ ಎಂಬುದೂ ಒಂದು ನಿಯಮ. ಅವನ ಹೆಗಲಲ್ಲಿ ಒಂದು ಚೀಲ. ಅದರಲ್ಲಿ ಬಣ್ಣ, ಮದ್ದು, ಹಗ್ಗ, ಮೂರ್ಛೆ ಬಿದ್ದವರನ್ನು ಎಬ್ಬಿಸುವ ‘ಲಖಲಖಾ’ ಎಂಬ ಘಾಟು ಔಷಧಿ. ಅಂದರೆ ಅವನ ಶಕ್ತಿ ಕಲಿತು ಪಡೆದ ಶಕ್ತಿ. ವೀರೇಂದ್ರನ ಅಯ್ಯಾರ ತೇಜಸಿಂಹ ಆ ವಿದ್ಯೆ ಕಲಿತದ್ದು ತನ್ನ ತಂದೆ ಜೀತಸಿಂಹನ ಮನೆತನದಲ್ಲಿ. ಕತೆಯ ನಡುವೆ ಬರುವ ಸಿದ್ಧನಾಥ ಯೋಗಿಯನ್ನು ಎಲ್ಲರೂ ಪವಾಡಪುರುಷನೆಂದು ನಂಬುತ್ತಾರೆ. ಕೊನೆಗೆ ನೋಡಿದರೆ ಆ ಯೋಗಿ ಈ ಜೀತಸಿಂಹನೇ! ಪವಾಡದ ಗಡ್ಡ ತೆಗೆದರೆ ಒಳಗೆ ಒಬ್ಬ ಜಾಣ ಮೇಷ್ಟ್ರು.

ಹೆಣ್ಣುಮಕ್ಕಳ ಪಾತ್ರಗಳನ್ನೂ ಗಮನಿಸಿ. ಚಪಲಾ ಸ್ವತಃ ಅಯ್ಯಾರಿ ಬಲ್ಲವಳು, ತೇಜಸಿಂಹನಿಗೆ ಸರಿಸಾಟಿ. ಮೂರನೇ ಭಾಗದ ಹೊತ್ತಿಗೆ ‘ವನಕನ್ಯೆ’ ಎಂಬ ಗುರುತು ಸಿಗದ ಹುಡುಗಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಪತ್ರ ಬರೆಯುತ್ತಾಳೆ, ಉಪಾಯ ಹೂಡುತ್ತಾಳೆ, ರಾಜಕುಮಾರನನ್ನೇ ಗೊಂದಲಕ್ಕೆ ಬೀಳಿಸುತ್ತಾಳೆ. ಅವಳು ಯಾರು ಎಂಬುದನ್ನು ಹೇಳಿ ನಿಮ್ಮ ಓದಿನ ಸುಖ ಕೆಡಿಸಬಾರದು, ಆದರೆ ಹೇಳದೆ ನನ್ನ ವಾದ ಮುಂದೆ ಹೋಗುವುದಿಲ್ಲ: ಅವಳು ಚಂದ್ರಕಾಂತಾಳೇ. ಕಾಪಾಡಲಿ ಎಂದು ಕಾಯುತ್ತ ಕುಳಿತಿದ್ದಾಳೆ ಎಂದು ನಾವು ಅಂದುಕೊಂಡಿದ್ದ ರಾಜಕುಮಾರಿ ಅಷ್ಟೂ ಹೊತ್ತು ತಾನೇ ಆಟ ನಡೆಸುತ್ತಿದ್ದಳು. ಧಾರಾವಾಹಿಯಿಂದ ನನಗೆ ನೆನಪಿರುವ ಚಂದ್ರಕಾಂತಾ ಮಾತ್ರ ಒಡವೆ ತೊಟ್ಟು ನಿಟ್ಟುಸಿರು ಬಿಡುವವಳು. ನಮ್ಮ ಹೆಣ್ಣುಮಕ್ಕಳಿಗೆ ಯಾವ ಚಂದ್ರಕಾಂತಾ ಪರಿಚಯವಾಗಬೇಕು? ತಾಯಂದಿರು ಯೋಚಿಸಿ.

ಮೂರನೆಯದು ಖಳನಾಯಕ. ಪುಸ್ತಕದಲ್ಲಿ ಕ್ರೂರಸಿಂಹ ಬೇಗ ಮುಗಿದುಹೋಗುವ ಪಾತ್ರ. ಅವನ ನಂತರ ಕತೆ ಎಷ್ಟೋ ಮುಂದೆ ಸಾಗುತ್ತದೆ. ಆದರೆ ಧಾರಾವಾಹಿಯಲ್ಲಿ ಅಖಿಲೇಂದ್ರ ಮಿಶ್ರ ಆ ಪಾತ್ರವನ್ನು ಹೇಗೆ ಮಾಡಿದರೆಂದರೆ, ಅವರ ಹುಬ್ಬು ಮತ್ತು “ಯಕ್ಕು” ಎಂಬ ಕೂಗು ದೇಶವೆಲ್ಲ ಹಬ್ಬಿತು. ನಮ್ಮ ಊರಿನ ಮಕ್ಕಳು ಗೋಲಿ ಆಡುವಾಗಲೂ “ಯಕ್ಕು” ಎನ್ನುತ್ತಿದ್ದರು. ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಜನ ಮೆಚ್ಚಿದ ಪಾತ್ರವನ್ನು ಧಾರಾವಾಹಿಯವರು ಬೇಗ ಸಾಯಿಸಲಾರರು. ನಾಲ್ಕು ಭಾಗದ ಪುಸ್ತಕವನ್ನು ನೂರಕ್ಕೂ ಮೀರಿದ ಕಂತುಗಳಿಗೆ ಎಳೆಯುವಾಗ ಖಳನಾಯಕನೇ ಆಧಾರ.

ಇಲ್ಲಿ ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕಾದಂಬರಿಯಲ್ಲಿ ಕ್ರೂರಸಿಂಹನ ಇಬ್ಬರು ಅಯ್ಯಾರರ ಹೆಸರು ನಾಜಿಂ ಮತ್ತು ಅಹ್ಮದ್. ಓದುವಾಗ ನನಗೆ ಮನಸ್ಸಿಗೆ ಸ್ವಲ್ಪ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಪುಸ್ತಕವನ್ನು ಮಡಿಚಿಡೋಣವೇ ಎಂದೂ ಅನ್ನಿಸಿತು. ಮಡಿಚಿಡಲಿಲ್ಲ. ಮುಂದೆ ಓದಿದಾಗ ಕ್ರೂರನೂ ಶಿವದತ್ತನೂ ಯಾವ ಜಾತಿಯ ಪ್ರತಿನಿಧಿಗಳೂ ಅಲ್ಲ, ದುರಾಸೆಯ ಪ್ರತಿನಿಧಿಗಳು ಎಂಬುದು ತಿಳಿಯಿತು. ಚುಚ್ಚಿದ್ದು ಚುಚ್ಚಿತು, ಒಳ್ಳೆಯದು ಒಳ್ಳೆಯದಾಗಿಯೇ ಉಳಿಯಿತು. ಪುಸ್ತಕವೊಂದರ ಜೊತೆ ಜಗಳವಾಡುತ್ತಲೇ ಅದನ್ನು ಪ್ರೀತಿಸಲು ಸಾಧ್ಯ ಎಂಬುದನ್ನು ನಾನು ಅಲ್ಲಿ ಕಲಿತೆ. ಇನ್ನು ಧಾರಾವಾಹಿಯಲ್ಲಿ ರಾಜಕುಮಾರ ವೀರೇಂದ್ರನ ಪಾತ್ರ ಮಾಡಿದವರು ಶಹಬಾಜ್ ಖಾನ್, ಹೆಸರಾಂತ ಗಾಯಕ ಉಸ್ತಾದ್ ಅಮೀರ್ ಖಾನರ ಮಗ. ಪಂಡಿತ ಬದರೀನಾಥನೆಂಬ ಅಯ್ಯಾರನ ಪಾತ್ರದಲ್ಲಿದ್ದವರು, ಮುಂದೆ ಜಗತ್ತೆಲ್ಲ ಗುರುತಿಸಿದ, 2020ರಲ್ಲಿ ನಮ್ಮನ್ನಗಲಿದ ಇರ್ಫಾನ್ ಖಾನ್. ನಮ್ಮ ಪಡಸಾಲೆಯಲ್ಲಿ ಕುಳಿತವರು ಯಾರೂ ಆ ಲೆಕ್ಕ ಹಾಕಲಿಲ್ಲ. ವೀರೇಂದ್ರ ಗೆಲ್ಲಲಿ ಎಂದಷ್ಟೇ ಎಲ್ಲರೂ ಬಯಸಿದರು.

ಇಷ್ಟು ಹೇಳಿ ಧಾರಾವಾಹಿಯನ್ನು ಬರಿದೇ ಹಳಿದರೆ ಅನ್ಯಾಯವಾಗುತ್ತದೆ. ಅದು ಮಾಡಿದ ಉಪಕಾರ ದೊಡ್ಡದು. ಅಕ್ಷರ ಬಾರದ ನಮ್ಮ ತಾಯಂದಿರು ಆ ಕತೆಯನ್ನು ಕಂಡದ್ದು ಅದರಿಂದಲೇ. ಜಾತಿ ಮತ ನೋಡದೆ ಬೀದಿಯವರು ಒಂದೇ ಚಾಪೆಯ ಮೇಲೆ ಕುಳಿತದ್ದು ಅದರಿಂದಲೇ. ಬನಾರಸಿನ ಹಳೆಯ ಪುಸ್ತಕವೊಂದರ ಹೆಸರು ಪಾವಗಡದ ಗಡಿಗೆ ತಲುಪಿದ್ದೂ ಅದರಿಂದಲೇ. ಅದನ್ನು ನೋಡಿರದಿದ್ದರೆ ನಾನು ರೈಲು ನಿಲ್ದಾಣದಲ್ಲಿ ಆ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಧಾರಾವಾಹಿ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಹೋಗುವುದು ನಮ್ಮ ಕೆಲಸ.

ಈಗಿನ ಮಕ್ಕಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಧಾರಾವಾಹಿಗಳು ಸಿಗುತ್ತವೆ. ‘ಗೇಮ್ ಆಫ್ ಥ್ರೋನ್ಸ್’ ಎಂಬುದನ್ನು ನಿಮ್ಮಲ್ಲಿ ದೊಡ್ಡವರು ಬಲ್ಲಿರಿ. ಜಾರ್ಜ್ ಮಾರ್ಟಿನ್ ಅವರು 1996ರಿಂದ ಬರೆಯುತ್ತ ಬಂದ ಕಾದಂಬರಿ ಮಾಲೆ ಅದಕ್ಕೆ ಆಧಾರ. ಧಾರಾವಾಹಿ 2011ರಲ್ಲಿ ಆರಂಭವಾದಾಗ ಲೇಖಕರು ಇನ್ನೂ ಬರೆಯುತ್ತಿದ್ದರು. ಐದು ಸಂಪುಟ ಹೊರಬಂದವು. ಆಮೇಲೆ ಧಾರಾವಾಹಿ ಪುಸ್ತಕವನ್ನು ದಾಟಿ ಮುಂದೆ ಹೋಗಿ 2019ರಲ್ಲಿ ಮುಗಿದೇ ಹೋಯಿತು. ಕೊನೆಯ ಕಂತುಗಳು ಅವಸರದಲ್ಲಿ ಮುಗಿದವು ಎಂದು ಅದನ್ನು ಪ್ರೀತಿಸಿದವರೇ ದೂರಿದರು. ಲೇಖಕನ ಕೈ ಬಿಟ್ಟ ಕತೆಗೆ ದಾರಿ ತೋರಿಸುವವರು ಕಡಿಮೆ. ದೇಶ ಯಾವುದಾದರೂ ಇದು ಒಂದೇ.

ಈಗ ದಾದಿಯ ವಿಷಯಕ್ಕೆ ಬರುತ್ತೇನೆ. ಅವರಿಗೆ ತಿಲಿಸ್ಮ್ ಹೇಗೆ ಗೊತ್ತಿತ್ತು? ಖತ್ರಿಯವರಿಗಿಂತ ಹಿಂದಿನಿಂದಲೂ ಉರ್ದುವಿನಲ್ಲಿ ದಾಸ್ತಾನುಗಳ ದೊಡ್ಡ ಪರಂಪರೆಯಿದೆ. ಅಮೀರ್ ಹಂಜಾರ ದಾಸ್ತಾನ್ ಅದರ ತಾಯಿಬೇರು. ಅಕ್ಬರ್ ಬಾದಶಹರು ಅದಕ್ಕೆ ಸುಮಾರು 1,400 ದೊಡ್ಡ ಚಿತ್ರಗಳನ್ನು ಬರೆಸಿದ್ದರು. ಲಖನೌದ ನವಲ್ ಕಿಶೋರ್ ಎಂಬ ಹಿಂದೂ ಪ್ರಕಾಶಕರ ಮುದ್ರಣಾಲಯ 1883ರಿಂದ ಆರಂಭಿಸಿ ಆ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಅದರಲ್ಲಿ ಅತ್ಯಂತ ಹೆಸರಾದದ್ದು ಮುಹಮ್ಮದ್ ಹುಸೇನ್ ಜಾಹ್ ಮತ್ತು ಅಹ್ಮದ್ ಹುಸೇನ್ ಕಮರ್ ಬರೆದ ‘ತಿಲಿಸ್ಮ್-ಎ-ಹೋಷ್‌ರುಬಾ’. ಅದರಲ್ಲಿ ಅಫ್ರಾಸಿಯಾಬ್ ಎಂಬ ಮಾಂತ್ರಿಕ ರಾಜ, ಅಮ್ರ್ ಎಂಬ ಅಯ್ಯಾರ. ಅಮ್ರ್‌ನ ಹೆಗಲಲ್ಲಿ ‘ಜಂಬೀಲ್’ ಎಂಬ ಚೀಲ. ಅದರಲ್ಲಿ ಊರಿಗೆ ಊರೇ ಹಿಡಿಸುತ್ತದೆ. ಖತ್ರಿಯವರು ಆ ಜಂಬೀಲನ್ನೇ ತೆಗೆದುಕೊಂಡು ಮಾಯೆಯನ್ನು ಹೊರಗೆ ಸುರಿದು, ಮದ್ದು ಹಗ್ಗ ತುಂಬಿ ತಮ್ಮ ಅಯ್ಯಾರನ ಹೆಗಲಿಗೆ ಹಾಕಿದರು. ಅಯ್ಯಾರ್, ತಿಲಿಸ್ಮ್ ಎಂಬ ಮಾತುಗಳೂ ಹಾಗೆಯೇ ದಾಟಿ ಬಂದವು. ಉರ್ದುವಿನ ಕತೆ ಹಿಂದಿಗೆ ಹೋಗಿ, ಹಿಂದಿಯದು ಟಿ.ವಿ.ಗೆ ಹೋಗಿ, ಟಿ.ವಿ.ಯಿಂದ ಮರಳಿ ನಮ್ಮ ಪಡಸಾಲೆಗೆ ಬಂದಿತ್ತು. ದಾದಿ ಅದನ್ನು ಗುರುತು ಹಿಡಿದರು. ನಾವು ಹಿಡಿಯಲಿಲ್ಲ.

ದಾದಿಯ ಬಳಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರ ತುಂಬ ಉರ್ದು ಪುಸ್ತಕಗಳು. ತವರಿನಿಂದ ತಂದದ್ದು ಎನ್ನುತ್ತಿದ್ದರು. ಕಣ್ಣು ಕಾಣುವವರೆಗೆ ಓದುತ್ತಿದ್ದರು, ಆಮೇಲೆ ಬಾಯಲ್ಲಿ ಹೇಳುತ್ತಿದ್ದರು. “ಬೇಟಾ, ಈ ಅಕ್ಷರ ಕಲಿತುಕೋ, ಮಿಕ್ಕದ್ದನ್ನು ನೀನೇ ಓದಿಕೊಳ್ಳಬಹುದು” ಎಂದು ನನಗೆ ಎಷ್ಟೋ ಸಲ ಹೇಳಿದರು. ನನಗೆ ಪರೀಕ್ಷೆ, ಆಟ, ಆಮೇಲೆ ನೌಕರಿಯ ಚಿಂತೆ. ಕಲಿಯಲಿಲ್ಲ. ದಾದಿ ಹೋದ ಮೇಲೆ ಮನೆಗೆ ಸುಣ್ಣ ಹೊಡೆಯುವಾಗ ಪೆಟ್ಟಿಗೆ ಹೊರಗೆ ಬಂದಿತು. ಮನೆಯಲ್ಲಿ ಓದಬಲ್ಲವರು ಯಾರೂ ಉಳಿದಿರಲಿಲ್ಲ. ಗೆದ್ದಲು ಹಿಡಿಯುತ್ತದೆ ಎಂದು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದೆವು. ತಕ್ಕಡಿ ಹಿಡಿದುಕೊಂಡು ನಿಂತವನು ನಾನೇ. ಬೇರೆ ಯಾರನ್ನೂ ದೂರಲಾರೆ.

ಅದರಲ್ಲಿ ಯಾವ ಯಾವ ಪುಸ್ತಕಗಳಿದ್ದವು ಎಂದು ಈಗ ಯಾರಿಗೂ ಹೇಳಲಾಗದು. ನಲವತ್ತು ದಾಟಿದ ಮೇಲೆ ನಾನು ಅಲಿಫ್, ಬೇ ಎಂದು ಶುರುಮಾಡಿ ಉರ್ದು ಕಲಿತೆ. ಈಗ ಓದಬಲ್ಲೆ, ಆದರೆ ಆ ಪೆಟ್ಟಿಗೆ ಇಲ್ಲ. ಅಂದು ತರಗತಿಯಲ್ಲಿ ಕೇಳಿದ ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು: ಧಾರಾವಾಹಿಯಲ್ಲಿ ನೀನು ನೋಡುವುದು ಬೇರೆ ಯಾರೋ ಓದಿ, ಅವರಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿ ನಿನಗೆ ಕೊಟ್ಟದ್ದು. ಅವರು ಏನು ಬಿಟ್ಟರು, ಏನು ಸೇರಿಸಿದರು ಎಂಬುದು ಓದದವನಿಗೆ ಎಂದೂ ತಿಳಿಯುವುದಿಲ್ಲ.

ಇದು ಕತೆಯ ಮಟ್ಟಕ್ಕೆ ನಿಲ್ಲುವ ಮಾತಲ್ಲ. ಈ ಸಭೆಯಿಂದ ಹೊರಗೆ ಹೋಗಿ ನೋಡಿ. ಕಣ್ಣು ಹಾಯಿಸಿದಷ್ಟು ದೂರ ನೀಲಿ ಫಲಕಗಳು. ಬಳಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು ಮತ್ತು ನಮ್ಮ ಕ್ಯಾತಗಾನಚೆರ್ಲು, ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ನಿಂತಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಆರಂಭವಾಯಿತು. ಕಡಲೆಕಾಯಿ ಬೆಳೆದು ಮಳೆಗೆ ಕಾಯುತ್ತಿದ್ದ ಹೊಲದಲ್ಲಿ ಈಗ ಬಿಸಿಲೇ ಬೆಳೆ. ನಮ್ಮ ದಾದಿ ಇದ್ದಿದ್ದರೆ ಇದನ್ನು ತಿಲಿಸ್ಮ್ ಎನ್ನುತ್ತಿದ್ದರು. ಆದರೆ ಇದರಲ್ಲಿ ಮಾಯೆಯಿಲ್ಲ. ಸಿಲಿಕಾನ್ ಇದೆ, ತಂತಿಯಿದೆ, ಲೆಕ್ಕವಿದೆ. ಖತ್ರಿಯವರ ಕೊಕ್ಕರೆಯಂತೆ ಇದಕ್ಕೂ ಕೀಲಿದೆ. ಆ ಕೀಲನ್ನು ತಿಳಿದವನು ಒಳಗೆ ಎಂಜಿನಿಯರ್, ತಂತ್ರಜ್ಞ. ತಿಳಿಯದವನು ಹೊರಗೆ ಫಲಕ ಒರೆಸುವವನು, ಹುಲ್ಲು ಕೀಳುವವನು. ಆ ಕೆಲಸವೂ ಗೌರವದ್ದೇ. ಆದರೆ ನಮ್ಮ ಮಕ್ಕಳಿಗೆ ಅದೊಂದೇ ಬಾಗಿಲು ತೆರೆದಿರಬಾರದು.

ಈ ಪಾರ್ಕಿಗೆ ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಡುವ ಕರಾರು ಆಯಿತು. ಆ ಕರಾರು ಪತ್ರವನ್ನು ನನ್ನ ನೆಂಟರೊಬ್ಬರು ನನ್ನ ಬಳಿ ತಂದು, “ಓದಿ ಹೇಳಪ್ಪ” ಎಂದರು. ಓದಿ ಹೇಳಿದೆ. ಸಹಿ ಮಾಡುವಾಗ ಅವರ ಕೈ ನಡುಗುತ್ತಿತ್ತು. ಓದಲು ಬಾರದ ಕಾಗದಕ್ಕೆ ತಾತನ ಜಮೀನನ್ನು ಒಪ್ಪಿಸುವ ಭಯ ಅದು. ಆ ಪತ್ರದಲ್ಲಿದ್ದ ಮಾತುಗಳನ್ನು ನೋಡಿ: ಜಮೀನು, ಕರಾರು, ತಕರಾರು, ತಾಲ್ಲೂಕು. ಅರಬ್ಬಿ ಪಾರಸಿಯಿಂದ ಬಂದ ಮಾತುಗಳೇ ಎಷ್ಟೊಂದು! 1687ರಿಂದ ಮೊಗಲರ ಸುಬೆಯಾಗಿದ್ದ ಸಿರಾ ಇಲ್ಲಿಂದ ದೂರವೇನಲ್ಲ. ಅಲ್ಲಿನ ಕಚೇರಿಗಳಲ್ಲಿ ಬರೆದವರ ಮಾತು ಕನ್ನಡದ ಕಾಗದದಲ್ಲಿ ಇವತ್ತಿಗೂ ಕುಳಿತಿದೆ. ಮಾತು ನಮ್ಮ ಮನೆಯದು, ಕಾಗದ ನಮ್ಮ ಹೊಲದ್ದು, ಆದರೆ ಓದಲು ಬೇರೆಯವರು ಬೇಕಾದರು.

ಕೊನೆಯದಾಗಿ ಒಂದು ಮಾತು. ತಿಲಿಸ್ಮ್ ಮುರಿಯುವುದು ಹೇಗೆ ಎಂದು ನಾನಿನ್ನೂ ಹೇಳಲಿಲ್ಲ. ಧಾರಾವಾಹಿ ನೋಡಿದವರಿಗೆ ಅದು ಕತ್ತಿಯಿಂದ ಎನ್ನಿಸಬಹುದು. ಪುಸ್ತಕದಲ್ಲಿ ಹಾಗಿಲ್ಲ. ವೀರೇಂದ್ರನ ಕೈಗೆ ಒಂದು ಗ್ರಂಥ ಸಿಗುತ್ತದೆ. ಎಲ್ಲಿ ಅಗೆಯಬೇಕು, ಯಾವ ಕಲ್ಲು ಸರಿಸಬೇಕು ಎಂದು ಅದರಲ್ಲಿ ಬರೆದಿದೆ. ಅವನು ಓದುತ್ತಾನೆ, ಓದಿದಂತೆ ಮಾಡುತ್ತಾನೆ, ಬೀಗ ಬಿಚ್ಚುತ್ತದೆ. ‘ಸಂತತಿ’ಯಲ್ಲಿ ಅವನ ಮಕ್ಕಳಿಗೂ ಇಂಥದೇ ಗ್ರಂಥ ಬೇಕಾಗುತ್ತದೆ. ದಾಸ್ತಾನುಗಳಲ್ಲೂ ಅಷ್ಟೇ. ಅಲ್ಲಿ ತಿಲಿಸ್ಮ್ ಗೆಲ್ಲಲು ‘ಲೌಹ್’ ಎಂಬ ಬರೆದ ಹಲಗೆ ಸಿಗಬೇಕು. ಹಲಗೆ ಓದದೆ ಹೆಜ್ಜೆಯಿಟ್ಟವನು ಒಳಗೇ ಸಿಕ್ಕಿಬೀಳುತ್ತಾನೆ. ಒಬ್ಬ ಲೇಖಕರು ಮಾಯೆಯನ್ನು ನಂಬಿ ಬರೆದರು, ಇನ್ನೊಬ್ಬರು ಯಂತ್ರವನ್ನು ನಂಬಿ ಬರೆದರು. ಬೀಗದಕೈ ಮಾತ್ರ ಇಬ್ಬರದೂ ಒಂದೇ.

ಹಾಗಾಗಿ ವಿದ್ಯಾರ್ಥಿಗಳೇ, ಧಾರಾವಾಹಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡಿ, ಅದು ಯಾವ ಪುಸ್ತಕದಿಂದ ಬಂದಿದೆ ಎಂದು ಕೇಳಿ, ಆ ಪುಸ್ತಕ ಹುಡುಕಿ. ಕನ್ನಡವನ್ನು ಚೆನ್ನಾಗಿ ಕಲಿಯಿರಿ, ಏಕೆಂದರೆ ನಿಮ್ಮ ಹೊಲದ ಕಾಗದ ಆ ಭಾಷೆಯಲ್ಲಿದೆ. ಇಂಗ್ಲಿಷ್ ಕಲಿಯಿರಿ, ಏಕೆಂದರೆ ಆ ನೀಲಿ ಫಲಕದ ಕೈಪಿಡಿ ಆ ಭಾಷೆಯಲ್ಲಿದೆ. ಮನೆಯಲ್ಲಿ ಉರ್ದು ಬಲ್ಲ ಹಿರಿಯರು ಇದ್ದರೆ ದಿನಕ್ಕೆ ಒಂದು ಅಕ್ಷರದಂತೆ ಅದನ್ನೂ ಕಲಿಯಿರಿ. ಮನೆಯಲ್ಲಿ ಹಳೆಯ ಪೆಟ್ಟಿಗೆ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಸಂಘದ ಪುಸ್ತಕದ ಬೀರುವಿನಲ್ಲಿ ತಂದಿಡಿ. ಇಂದು ಓದಲು ಯಾರೂ ಇಲ್ಲದಿರಬಹುದು, ನಾಳೆ ನಿಮ್ಮಲ್ಲೇ ಒಬ್ಬರು ಬರಬಹುದು.

ನನ್ನ ‘ಚಂದ್ರಕಾಂತಾ’ ಪ್ರತಿಯನ್ನು ಇವತ್ತು ಆ ಬೀರುವಿಗೆ ಕೊಟ್ಟಿದ್ದೇನೆ. ರಟ್ಟು ಕಿತ್ತಿದೆ, ಆದರೆ ಪುಟ ಒಂದೂ ಹೋಗಿಲ್ಲ. ಆ ಪ್ರಶ್ನೆ ಕೇಳಿದ ಹುಡುಗ ಇಲ್ಲಿ ಕುಳಿತಿದ್ದರೆ ಮೊದಲು ಅವನೇ ತೆಗೆದುಕೊಂಡು ಹೋಗಲಿ. ಓದಿ ಬಂದು ನನ್ನ ಮಾತು ತಪ್ಪು ಎಂದರೂ ನನಗೆ ಸಂತೋಷವೇ.